ಕಿವಿ ನರದ ಗಡ್ಡೆ ತೆಗೆಯುವಾಗ ಮುಖದ ನರವನ್ನು ಕಾಯುವುದು ಹೇಗೆ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ವಯಸ್ಸು 46. ಎರಡು ವರ್ಷದಿಂದ ಎಡಗಿವಿ ಮಂದ, ಒಳಗೆ ಸದಾ ಗುಂಯ್ ಎನ್ನುವ ಸದ್ದು. ಈಗ ಎಂಆರ್‌ಐ ಮಾಡಿಸಿದಾಗ ಕಿವಿಯ ನರದಲ್ಲಿ ಸುಮಾರು 3 ಸೆಂಟಿಮೀಟರ್ ಗಡ್ಡೆ ಇದೆ ಎಂದು ಗೊತ್ತಾಯಿತು. ಕ್ಯಾನ್ಸರ್ ಅಲ್ಲವಂತೆ. ಮೆದುಳಿನ ಬುಡವನ್ನು ಒತ್ತುತ್ತಿರುವುದರಿಂದ ಆಪರೇಷನ್ ಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದಾರೆ. ಆಪರೇಷನ್ ಆದ ಮೇಲೆ ಬಾಯಿ ಓರೆ ಆಗಬಹುದು ಎಂದೂ ಹೇಳಿದ್ದಾರೆ. ಎಸ್ಟಿಮೇಟಿನಲ್ಲಿ ‘ನರ್ವ್ ಮಾನಿಟರಿಂಗ್’ ಎಂದು ಬೇರೆಯೇ ದುಡ್ಡು ಹಾಕಿದ್ದಾರೆ. ಅದು ನಿಜವಾಗಿ ಬೇಕೇ? ಅದು ಇದ್ದರೆ ಮುಖಕ್ಕೆ ಏನೂ ಆಗುವುದಿಲ್ಲವೇ? ಗಡ್ಡೆಯನ್ನು ಸ್ವಲ್ಪ ಬಿಡಬೇಕಾಗಿ ಬರಬಹುದು ಎಂದು ಡಾಕ್ಟರು ಹೇಳಿದ ಮೇಲೆ ನನ್ನ ತಮ್ಮ, ‘ಪೂರ್ತಿ ತೆಗೆಯುವವರ ಹತ್ತಿರವೇ ಹೋಗೋಣ’ ಎನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಟೀಚರೇ, ನಾನೂ ಕುಂಬಳೆ ಕಡೆಯವಳು. ಪಾಠ ಹೇಳುವ ಹೆಂಗಸರನ್ನು ನಮ್ಮಲ್ಲಿ ಎಲ್ಲರೂ ಟೀಚರ್ ಎಂದೇ ಕರೆಯುವುದು, ನನಗೂ ಬಾಯಿಗೆ ಹಾಗೇ ಬರುತ್ತದೆ. ನಾನು ಗಡ್ಡೆ ತೆಗೆಯುವ ಸರ್ಜನ್ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ನಡೆಯುವಾಗ ಥಿಯೇಟರಿನ ಒಂದು ಬದಿಯಲ್ಲಿ ಸ್ಕ್ರೀನಿನ ಮುಂದೆ ಕೂತು, ರೋಗಿಯ ನರಗಳು ಏನು ಹೇಳುತ್ತಿವೆ ಎಂದು ಕಣ್ಣು ಕಿವಿ ಎರಡನ್ನೂ ಕೊಟ್ಟು ಗಮನಿಸುವ ಡಾಕ್ಟರು ನಾನು. ನಿಮ್ಮ ಎಸ್ಟಿಮೇಟಿನ ಆ ಒಂದು ಸಾಲು ನನ್ನ ದಿನನಿತ್ಯದ ಕೆಲಸ.

ಚುಟುಕಾಗಿ ಹೇಳುವುದಾದರೆ, ಬೇಕು. ಆ ಸಾಲನ್ನು ಬಿಲ್ಲಿನಿಂದ ತೆಗೆಸಬೇಡಿ. ಆದರೆ ಅದು ಇದ್ದರೆ ಬಾಯಿ ಓರೆ ಆಗುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನರ ಎಲ್ಲಿದೆ, ಹೇಗಿದೆ ಎಂದು ಯಂತ್ರ ಹೇಳುತ್ತದೆ, ಅಷ್ಟೇ. ಅದನ್ನು ಕೇಳಿಸಿಕೊಂಡು ಕೈ ನಿಲ್ಲಿಸಬೇಕಾದವರು ಸರ್ಜನ್. ಸ್ವಲ್ಪ ಬಿಡಬೇಕಾದೀತು ಎಂದು ಮೊದಲೇ ಬಾಯಿಬಿಟ್ಟು ಹೇಳಿದ ಸರ್ಜನ್ ಮೇಲೆ ನನಗಂತೂ ಭರವಸೆ ಜಾಸ್ತಿ. ಯಾಕೆ ಎಂದು ನಿಮ್ಮ ತಮ್ಮನಿಗೂ ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ.

ಕಿವಿಯ ಗಡ್ಡೆಗೂ ಬಾಯಿ ಓರೆ ಆಗುವುದಕ್ಕೂ ಏನು ಸಂಬಂಧ ಎಂದು ತುಂಬ ಜನ ಕೇಳುತ್ತಾರೆ. ಮೆದುಳಿನಿಂದ 12 ಜೊತೆ ನರಗಳು ಹೊರಡುತ್ತವೆ. ಏಳನೆಯದು ಮುಖದ ನರ. ಎಂಟನೆಯದು ಕಿವಿಯ ನರ. ಈ ಎಂಟನೆಯದರಲ್ಲಿ ಒಂದು ಭಾಗ ಕೇಳುವುದಕ್ಕೆ, ಇನ್ನೆರಡು ಎಳೆ ದೇಹದ ಸಮತೋಲ ತಪ್ಪದ ಹಾಗೆ ನೋಡಿಕೊಳ್ಳುವುದಕ್ಕೆ. ಕಿವಿಯ ಮೂಳೆಯೊಳಗೆ ಸುಮಾರು 1 ಸೆಂಟಿಮೀಟರ್ ಉದ್ದದ ಒಂದು ಕಿರಿದಾದ ಸುರಂಗವಿದೆ. ಏಳು, ಎಂಟು ಎರಡೂ ಅದರೊಳಗೆ ಮೈಗೆ ಮೈ ತಾಗಿಸಿಕೊಂಡು ಹೋಗುತ್ತವೆ. ನಿಮ್ಮ ಗಡ್ಡೆ ಹುಟ್ಟಿರುವುದು ಸಮತೋಲದ ನರಕ್ಕೆ ಹೊದಿಕೆಯಾಗಿರುವ ಶ್ವಾನ್ ಕೋಶಗಳಲ್ಲಿ. ಅದಕ್ಕೇ ವೆಸ್ಟಿಬ್ಯುಲರ್ ಶ್ವಾನೋಮ ಎಂಬ ಹೆಸರು. ಹಳೆಯ ರಿಪೋರ್ಟುಗಳಲ್ಲಿ ಅಕೌಸ್ಟಿಕ್ ನ್ಯೂರೋಮ ಎಂದು ಬರೆದಿರುತ್ತಾರೆ, ಎರಡೂ ಒಂದೇ. ಬೆಳೆಯುವವು ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುತ್ತವೆ, ಎಷ್ಟೋ ಗಡ್ಡೆಗಳು ಬೆಳೆಯುವುದೇ ಇಲ್ಲ. ಚಿಕ್ಕದಿದ್ದರೆ ಸುಮ್ನೆ ಸ್ಕ್ಯಾನ್ ಮಾಡುತ್ತಾ ಕಾಯಬಹುದು, ಇಲ್ಲವೇ ಗಾಮಾ ನೈಫಿನಂಥ ಕಿರಣ ಚಿಕಿತ್ಸೆ ಕೊಡಬಹುದು. ನಿಮ್ಮದು 3 ಸೆಂಟಿಮೀಟರ್ ಹತ್ತಿರ ಬಂದು ಮೆದುಳಿನ ಬುಡವನ್ನು ಒತ್ತುತ್ತಿರುವುದರಿಂದ ಆಪರೇಷನ್ ಹೇಳಿದ್ದಾರೆ. ಅದರಲ್ಲಿ ತಪ್ಪಿಲ್ಲ.

ಮುಖದ ನರದ ಪಾಡು ಏನು ನೋಡಿ. ಸುಮಾರು 10,000 ಎಳೆಗಳಿರುವ ನರ ಅದು. ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು, ನಗುವುದು, ಬಾಯಲ್ಲಿಟ್ಟ ನೀರು ಚೆಲ್ಲದಂತೆ ತುಟಿ ಬಿಗಿ ಹಿಡಿಯುವುದು, ‘ಪ’, ‘ಬ’, ‘ಮ’ ಉಚ್ಚರಿಸುವುದು ಎಲ್ಲ ಅದರದ್ದೇ. ಕಣ್ಣೀರು ಬರುವುದರಲ್ಲೂ, ನಾಲಗೆಯ ಮುಂಭಾಗದ ರುಚಿಯಲ್ಲೂ ಅದರ ಪಾಲಿದೆ. ಕೆನ್ನೆಯ ಭಾಗಕ್ಕೆ ಬಂದಾಗ ಅದಕ್ಕೆ ಗಟ್ಟಿ ಹೊದಿಕೆ ಇರುತ್ತದೆ. ತಲೆಬುರುಡೆಯ ಒಳಗೆ ಆ ಹೊದಿಕೆ ಇಲ್ಲ. ಅಲ್ಲಿ ಅದು ಬಲು ಮೆತ್ತಗೆ. ಗಡ್ಡೆ ಬೆಳೆಯುತ್ತಾ ಹೋದಂತೆ ಅದನ್ನು ದೂಡುತ್ತದೆ, ಎಳೆಯುತ್ತದೆ, ಚಪ್ಪಟೆ ಮಾಡುತ್ತದೆ. ಹೂ ಕಟ್ಟಲು ನೆನೆಹಾಕಿದ ಬಾಳೆನಾರನ್ನು ಸೀಳಿ ಸೀಳಿ ತೆಳ್ಳಗೆ ಮಾಡಿ, ಒಂದು ಅಡಿಕೆಗೆ ಅಂಟಿಸಿ ಬಿಟ್ಟರೆ ಹೇಗಿರುತ್ತದೆ? ಹೆಚ್ಚುಕಮ್ಮಿ ಹಾಗೆ. ನಾರು ಎಲ್ಲಿ ಮುಗಿಯಿತು, ಸಿಪ್ಪೆ ಎಲ್ಲಿ ಶುರುವಾಯಿತು ಎಂದು ಮೈಕ್ರೋಸ್ಕೋಪಿನಲ್ಲೂ ಕೆಲವೊಮ್ಮೆ ತಿಳಿಯುವುದಿಲ್ಲ.

ಕಷ್ಟ ಇನ್ನೊಂದಿದೆ. ಸಾಮಾನ್ಯವಾಗಿ ಸರ್ಜನ್ ಕಿವಿಯ ಹಿಂದಿನಿಂದ ಒಳಗೆ ಹೋಗುತ್ತಾರೆ. ನರ ಹೆಚ್ಚಿನವರಲ್ಲಿ ಗಡ್ಡೆಯ ಮುಂಬದಿಗೆ ಇರುತ್ತದೆ. ಅಂದರೆ ಸರ್ಜನ್‌ಗೆ ಮೊದಲು ಕಾಣುವುದು ಗಡ್ಡೆ, ಕೊನೆಗೆ ಕಾಣುವುದು ನರ. ಅಪರೂಪಕ್ಕೆ ಅದು ಹಿಂಬದಿಗೇ ಬಂದು ಕೂತಿರುತ್ತದೆ, ಅದು ಇನ್ನೂ ಅಪಾಯ. ಗಡ್ಡೆಯನ್ನು ಇಡಿಯಾಗಿ ಕಿತ್ತು ತೆಗೆಯುವುದೂ ಇಲ್ಲ. ಒಳಗಿನ ತಿರುಳನ್ನು ಮೊದಲು ಖಾಲಿ ಮಾಡಿ, ಸಿಪ್ಪೆಯನ್ನು ಒಳಕ್ಕೆ ಮಡಚಿಕೊಳ್ಳುತ್ತಾ, ನರದಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸುತ್ತಾ ಬರಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಕಾಣದ ನರ ಎಲ್ಲಿದೆ ಎಂದು ಆ ಹೊತ್ತಿಡೀ ಯಾರಾದರೂ ಹೇಳುತ್ತಿರಬೇಕಲ್ವಾ?

ಹಿಂದೆ ಹೇಳುವವರೇ ಇರಲಿಲ್ಲ. 1894ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸ್ ಈ ಜಾಗದ ಗಡ್ಡೆಯೊಂದನ್ನು ತೆಗೆದು ರೋಗಿಯನ್ನು ಉಳಿಸಿದರು. ಈ ಆಪರೇಷನ್ ಯಶಸ್ವಿಯಾದ ಮೊದಲ ಪ್ರಕರಣಗಳಲ್ಲಿ ಅದನ್ನು ಲೆಕ್ಕಿಸುತ್ತಾರೆ. ಆಕೆಯ ಪ್ರಾಣ ಉಳಿಯಿತು, ಆದರೆ ಮುಖದ ಒಂದು ಬದಿ ಬಿದ್ದುಹೋಯಿತು, ಆಮೇಲೆ ಆ ಬದಿಯ ಕಣ್ಣನ್ನೂ ತೆಗೆಯಬೇಕಾಯಿತು. ನಂತರ ಬಂದ ಅಮೆರಿಕದ ಹಾರ್ವೆ ಕುಶಿಂಗ್ ಗಡ್ಡೆಯ ತಿರುಳನ್ನು ಮಾತ್ರ ತೆಗೆದು ಸಿಪ್ಪೆಯನ್ನು ಅಲ್ಲೇ ಬಿಡುವ ದಾರಿ ಹಿಡಿದರು. ಆಪರೇಷನ್ ಟೇಬಲ್ಲಿನ ಸಾವು ಬಹಳ ಕಡಿಮೆಯಾಯಿತು, ಆದರೆ ಗಡ್ಡೆ ಮತ್ತೆ ಬೆಳೆಯುತ್ತಿತ್ತು. ಅವರ ಹತ್ತಿರವೇ ಕಲಿತ ವಾಲ್ಟರ್ ಡ್ಯಾಂಡಿ ಪೂರ್ತಿ ತೆಗೆಯಲೇಬೇಕು ಎಂದು ಹಟ ಹಿಡಿದರು. ತೆಗೆದರು ಕೂಡ. ಅವರ ರೋಗಿಗಳಲ್ಲಿ ಮುಖದ ನರ ಹೆಚ್ಚಾಗಿ ಗಡ್ಡೆಯ ಜೊತೆಗೇ ಹೋಗುತ್ತಿತ್ತು. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಚರ್ಚೆಗೆ ನೂರು ವರ್ಷ ವಯಸ್ಸಾಗಿದೆ ಎಂದು ತಮ್ಮನಿಗೆ ಹೇಳಿ.

ನರವನ್ನು ವಿದ್ಯುತ್ತಿನಿಂದ ಮುಟ್ಟಿ ನೋಡುವ ಯೋಚನೆ ಕೂಡ ಹಳೆಯದೇ. 1898ರಲ್ಲಿ ಜರ್ಮನಿಯ ಫೆಡೋರ್ ಕ್ರೌಸ್, ಕಿವಿಯ ಸದ್ದು ತಾಳಲಾರದ ಒಬ್ಬ ರೋಗಿಗೆ ಆಪರೇಷನ್ ಮಾಡುವಾಗ ಮುಖದ ನರಕ್ಕೆ ಸಣ್ಣ ಕರೆಂಟು ಕೊಟ್ಟು ಮುಖ ಅದುರುವುದನ್ನು ಗಮನಿಸಿದ್ದರು. ಆಮೇಲೆ ಎಷ್ಟೋ ದಶಕ ನಡೆದದ್ದು ಇಷ್ಟೇ: ಹಸಿರು ಬಟ್ಟೆಯ ಅಡಿಯಲ್ಲಿ ನರ್ಸೋ ಅರಿವಳಿಕೆಯ ಡಾಕ್ಟರೋ ರೋಗಿಯ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು, ಅದುರಿದರೆ ಕೂಗಿ ಹೇಳುವುದು. 1979ರಲ್ಲಿ ಡೆಲ್ಗಾಡೊ ಮತ್ತು ಅವರ ಜೊತೆಗಾರರು ಕೈಯ ಬದಲು ಮುಖದ ಸ್ನಾಯುವಿನ ವಿದ್ಯುತ್ತನ್ನೇ ಯಂತ್ರದಲ್ಲಿ ದಾಖಲಿಸುವ ಕ್ರಮವನ್ನು ಬರೆದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಈ ಗಡ್ಡೆಯ ಆಪರೇಷನ್ನಿನಲ್ಲಿ ಮುಖದ ನರದ ಮಾನಿಟರಿಂಗ್ ಇರಲೇಬೇಕು ಎಂದು ಹೇಳಿತು. ಅಂದಿನಿಂದ ಇದು ಐಷಾರಾಮದ ಪಟ್ಟಿಯಲ್ಲಿ ಇಲ್ಲ. ಬಿಲ್ಲಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಇನ್ನು ಆ ದಿನ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ನೀವು ನಿದ್ದೆಗೆ ಜಾರಿದ ಮೇಲೆ ನನ್ನಂಥವರ ಸರದಿ. ಕೈಯಲ್ಲಿ ತೆಳ್ಳಗಿನ ಗಿಡ್ಡ ಸೂಜಿಗಳು, ಪ್ರತಿಯೊಂದಕ್ಕೂ ಉದ್ದದ ಬಣ್ಣಬಣ್ಣದ ವಯರ್. ಎಡ ಹಣೆಯಲ್ಲಿ ಎರಡು, ಕಣ್ಣಿನ ಹೊರಮೂಲೆಯ ಹತ್ತಿರ ಎರಡು, ತುಟಿಯ ಅಂಚಿನಲ್ಲಿ ಎರಡು, ಗಲ್ಲದಲ್ಲಿ ಎರಡು. ಕಣ್ಣಿನ ಹತ್ತಿರ ಚುಚ್ಚುವಾಗ ಈಗಲೂ ನಾನು ಉಸಿರು ಬಿಗಿ ಹಿಡಿಯುತ್ತೇನೆ. ಎಲ್ಲವನ್ನೂ ಟೇಪು ಹಚ್ಚಿ ಬಿಗಿ ಮಾಡುತ್ತೇನೆ, ಯಾಕೆಂದರೆ ಬಟ್ಟೆ ಮುಚ್ಚಿದ ಮೇಲೆ ನಿಮ್ಮ ಮುಖ ನನಗೆ ಮತ್ತೆ ಸಿಗುವುದಿಲ್ಲ. ವಯರುಗಳು ಒಂದು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಸ್ಕ್ರೀನಿಗೆ ಮತ್ತು ಸ್ಪೀಕರಿಗೆ. ನಿಮಗೆ ಇದೇನೂ ಗೊತ್ತಾಗುವುದಿಲ್ಲ. ಮರುದಿನ ಸೊಳ್ಳೆ ಕಚ್ಚಿದ ಹಾಗೆ ಒಂದೆರಡು ಗುರುತು, ಕೆಲವರಿಗೆ ಸ್ವಲ್ಪ ನೀಲಿ ಕಟ್ಟಿರುತ್ತದೆ, ಅಷ್ಟೇ.

ಮುಖದ ನರಕ್ಕೆ ಏನಾದರೂ ತಾಗಿದರೆ ಅದು ಸ್ನಾಯುವಿಗೆ ಸಂದೇಶ ಕಳಿಸುತ್ತದೆ. ಸ್ನಾಯುವಿನಲ್ಲಿ ಆಗ ಹುಟ್ಟುವ ವಿದ್ಯುತ್ತು ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಂಥದ್ದು. ಸೂಜಿ ಅದನ್ನು ಹಿಡಿಯುತ್ತದೆ, ಯಂತ್ರ ಅದನ್ನು ಸದ್ದಾಗಿ ಬದಲಿಸುತ್ತದೆ. ಈ ಸದ್ದೇ ಮುಖ್ಯ. ಸರ್ಜನ್ ಕಣ್ಣು ಮೈಕ್ರೋಸ್ಕೋಪಿನಲ್ಲಿ ಇರುತ್ತದೆ, ಸ್ಕ್ರೀನ್ ನೋಡಲು ಅವರಿಗೆ ಆಗುವುದಿಲ್ಲ. ಕಿವಿ ಖಾಲಿ ಇರುತ್ತದೆ.

ಎಲ್ಲ ಸರಿ ಇದ್ದಾಗ ಸ್ಪೀಕರಿನಲ್ಲಿ ಬರೀ ಮೆಲ್ಲಗಿನ ಜುಯ್ ಎನ್ನುವ ಸದ್ದು. ಸಕ್ಕರ್ (ರಕ್ತ, ನೀರು ಹೀರುವ ಕೊಳವೆ) ಅಥವಾ ಫೋರ್ಸೆಪ್ಸ್ (ಚಿಮಟ) ನರಕ್ಕೆ ಸೋಕಿತು ಅನ್ನಿ, ಬಿಸಿ ಬಾಣಲೆಯಲ್ಲಿ ಭತ್ತ ಅರಳಾದ ಹಾಗೆ ಪಟ್ ಪಟಪಟ್ ಎಂದು ಸಿಡಿದು ಸುಮ್ಮನಾಗುತ್ತದೆ. ಇದು ಅಷ್ಟು ಹೆದರುವಂಥದ್ದಲ್ಲ. ‘ಇಲ್ಲಿದ್ದೇನೆ, ನೋಡಿಕೊಂಡು’ ಎಂದು ನರ ಹೇಳಿದ ಹಾಗೆ. ತಣ್ಣಗಿನ ಸಲೈನ್ ಬಿಟ್ಟರೂ ಇಂಥ ಸದ್ದು ಬರುತ್ತದೆ. ಇನ್ನೊಂದು ಸದ್ದಿದೆ. ಅದು ನಿಲ್ಲುವುದಿಲ್ಲ. ಇದ್ದಕ್ಕಿದ್ದ ಹಾಗೆ ಶುರುವಾಗಿ ಒಂದೇ ಶ್ರುತಿಯಲ್ಲಿ ಎಳೆಯುತ್ತದೆ, ದೂರದ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪು ಕೇಳಿಸುವ ಹಾಗೆ. ನಾವು ಅದನ್ನು ಟ್ರೇನ್ ಎನ್ನುತ್ತೇವೆ. ಅದರಲ್ಲೂ ಎ ಟ್ರೇನ್ ಎಂಬ ಒಂದು ಬಗೆ ಕೆಟ್ಟದ್ದು. ಇಂಥವು ಮತ್ತೆ ಮತ್ತೆ ಬಂದು, ಎಲ್ಲ ಕೂಡಿಸಿದಾಗ ಹತ್ತು ಸೆಕೆಂಡು ದಾಟಿತು ಎಂದರೆ ಆಪರೇಷನ್ ಆದ ಮೇಲೆ ಮುಖದ ಬಲ ಕುಗ್ಗುವ ಸಂಭವ ಹೆಚ್ಚು ಎಂದು ಜರ್ಮನಿಯ ತಂಡಗಳು ತೋರಿಸಿವೆ. ಆ ಸದ್ದು ಬಂದರೆ ನಾನು ‘ನಿಲ್ಲಿಸಿ’ ಎನ್ನುತ್ತೇನೆ. ಒಳ್ಳೆಯ ಸರ್ಜನ್ ನಾನು ಹೇಳುವ ಮೊದಲೇ ಕೈ ಎತ್ತಿರುತ್ತಾರೆ. ಎಳೆತ ಸಡಿಲ ಮಾಡಿ, ಬೆಚ್ಚಗಿನ ಸಲೈನ್ ಬಿಟ್ಟು, ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ಬೇರೆ ಬದಿಯಿಂದ ಕೆಲಸ ಮುಂದುವರಿಸುತ್ತಾರೆ.

ಇದು ನರ ತಾನಾಗಿ ಆಡುವ ಮಾತು. ನಾವೇ ಕೇಳುವ ಕ್ರಮವೂ ಇದೆ. ಸರ್ಜನ್ ಕೈಯಲ್ಲಿ ಪೆನ್ನಿನ ಹಾಗಿರುವ ಒಂದು ಕಡ್ಡಿ, ತುದಿಯಲ್ಲಿ ಬಲು ಸಣ್ಣ ಕರೆಂಟು. ಗಡ್ಡೆಯ ಹಿಂಬದಿಯನ್ನು ತೆರೆಯುವ ಮೊದಲು ಸುಮಾರು 2 ಮಿಲಿಆಂಪಿಯರ್ ಇಟ್ಟು ಮೇಲೆಲ್ಲ ಮುಟ್ಟುತ್ತಾ ಹೋಗುತ್ತಾರೆ. ಎಲ್ಲೂ ಉತ್ತರ ಬಾರದಿದ್ದರೆ ಅಲ್ಲಿ ನರ ಇಲ್ಲ, ತೆರೆಯಬಹುದು. ನರದ ಹತ್ತಿರ ಬಂದ ಹಾಗೆ ಕರೆಂಟು ಕಡಿಮೆ ಮಾಡುತ್ತಾ ಬರುತ್ತೇವೆ. ನರದ ಮೇಲೇ ಇಟ್ಟರೆ 0.05ರಿಂದ 0.1 ಮಿಲಿಆಂಪಿಯರ್ ಸಾಕು, ಸ್ಪೀಕರಿನಲ್ಲಿ ಟಕ್ ಟಕ್ ಟಕ್ ಎಂದು ತಾಳ ಹಾಕಿದಂತೆ ಉತ್ತರ ಬರುತ್ತದೆ. ಮೊದಲ ಸಲ ಆ ಟಕ್ ಟಕ್ ಕೇಳಿದಾಗ ಇಡೀ ಥಿಯೇಟರಿನ ಉಸಿರು ಹಗುರಾಗುತ್ತದೆ. ಗೊತ್ತಾಯಿತು, ಇಲ್ಲಿದೆ.

ಗಡ್ಡೆ ತೆಗೆದಾದ ಮೇಲೆ ಕೊನೆಯ ಪರೀಕ್ಷೆ. ನರ ಮೆದುಳಿನಿಂದ ಹೊರಡುವ ಬುಡದಲ್ಲೇ ಕಡ್ಡಿ ಇಟ್ಟು, ಎಷ್ಟು ಕಡಿಮೆ ಕರೆಂಟಿಗೆ ಮುಖ ಉತ್ತರ ಕೊಡುತ್ತದೆ ಎಂದು ನೋಡುತ್ತೇವೆ. 0.05ಕ್ಕೇ ಒಳ್ಳೆಯ ಉತ್ತರ ಬಂದರೆ ಮುಖ ಚೆನ್ನಾಗಿ ಉಳಿಯುವ ಭರವಸೆ ಬಲು ಹೆಚ್ಚು. ಜಾಸ್ತಿ ಕರೆಂಟು ಬೇಕಾದರೆ, ಅಥವಾ ಬುಡದಲ್ಲಿ ಮುಟ್ಟಿದರೆ ಇಲ್ಲ, ಆಚೆ ಮುಟ್ಟಿದರೆ ಇದೆ ಎಂದಾದರೆ, ನಡುವೆ ಎಲ್ಲೋ ನರ ನೊಂದಿದೆ. ಕಣ್ಣಿಗೆ ನರ ಇಡಿಯಾಗಿ ಕಂಡರೂ ಕೆಲಸ ಮಾಡದೆ ಇರಬಹುದು, ಕರೆಂಟು ಇದನ್ನು ಅಲ್ಲೇ ಹೇಳಿಬಿಡುತ್ತದೆ. ಈಗ ಕೆಲವು ಕಡೆ ತಲೆಯ ಚರ್ಮದ ಮೇಲಿಂದಲೇ ಮೆದುಳಿಗೆ ಕರೆಂಟು ಕೊಟ್ಟು, ನರ ಕಾಣುವ ಮೊದಲೇ ಇಡೀ ದಾರಿಯನ್ನು ಪರೀಕ್ಷಿಸುತ್ತಾರೆ. ಫೇಶಿಯಲ್ ಎಂಇಪಿ ಎಂದು ಅದರ ಹೆಸರು. ನಿಮ್ಮಷ್ಟು ದೊಡ್ಡ ಗಡ್ಡೆಗೆ ಅದೂ ಇದ್ದರೆ ಒಳ್ಳೆಯದು.

ಈಗ ಇದರ ಮಿತಿಯನ್ನೂ ಹೇಳಬೇಕು. ನಾನು ಕೆಲಸ ಕಲಿಯುತ್ತಿದ್ದಾಗಿನ ಒಂದು ದಿನ ಮರೆಯಲು ಆಗುವುದಿಲ್ಲ. ಆಸ್ಪತ್ರೆಯ ಹೆಸರು ಬೇಡ. ಸ್ಪೀಕರ್ ಮುಕ್ಕಾಲು ಗಂಟೆ ಸುಮ್ಮನಿತ್ತು. ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಅಂದುಕೊಂಡೆ. ಸರ್ಜನ್ ಕಡ್ಡಿ ಇಟ್ಟರು, ಉತ್ತರ ಇಲ್ಲ. ಇಲ್ಲಿ ನರ ಇಲ್ಲ ಎಂದುಕೊಂಡು ಮುಂದುವರಿದರು. ಯಾಕೋ ನನಗೆ ಅನುಮಾನ ಬಂದು ಅರಿವಳಿಕೆಯವರನ್ನು ಕೇಳಿದೆ. ರೋಗಿ ಅಲುಗಿದ ಹಾಗೆ ಕಂಡದ್ದಕ್ಕೆ ಸ್ನಾಯು ಸಡಿಲಿಸುವ ಔಷಧಿಯನ್ನು ಇನ್ನೊಂದು ಸಲ ಕೊಟ್ಟಿದ್ದರು. ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಆ ಔಷಧಿ ಒಳಗಿದ್ದರೆ ನರ ಎಷ್ಟು ಕೂಗಿದರೂ ಸ್ನಾಯು ಮಿಸುಕುವುದಿಲ್ಲ, ನನ್ನ ಯಂತ್ರಕ್ಕೆ ಏನೂ ಕೇಳುವುದಿಲ್ಲ. ಕೆಲಸ ನಿಲ್ಲಿಸಿ, ಔಷಧಿ ಇಳಿಯುವ ತನಕ ಕಾದೆವು. ಆಮೇಲೆ ಕಡ್ಡಿ ಇಟ್ಟರೆ ಅದೇ ಜಾಗದಲ್ಲಿ ಟಕ್ ಟಕ್. ರೋಗಿಯ ಮುಖ ಉಳಿಯಿತು. ಆದರೆ ಆ ಮುಕ್ಕಾಲು ಗಂಟೆ ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಅಂದಿನಿಂದ ಸ್ಪೀಕರ್ ಸುಮ್ಮನಿದ್ದಾಗ ನಾನು ಮೊದಲು ನನ್ನ ಯಂತ್ರವನ್ನೇ ಅನುಮಾನಿಸುತ್ತೇನೆ. ಸೂಜಿ ಕಳಚಿದೆಯೇ, ಔಷಧಿ ಕೊಟ್ಟಿದ್ದಾರೆಯೇ, ಸ್ಪೀಕರಿನ ಸದ್ದು ಯಾರಾದರೂ ತಗ್ಗಿಸಿದ್ದಾರೆಯೇ ಎಂದು ಒಂದೊಂದನ್ನೂ ನೋಡುತ್ತೇನೆ.

ಇನ್ನೂ ಎರಡು ಕುರುಡು ಜಾಗ ಇವೆ. ರಕ್ತ ನಿಲ್ಲಿಸಲು ಸುಡುವ ಯಂತ್ರ ಒತ್ತಿದಾಗ ಸ್ಪೀಕರಿನಲ್ಲಿ ಬರೀ ಗದ್ದಲ, ಆ ಕ್ಷಣ ನಾವು ಏನೂ ಕೇಳಲಾರೆವು. ಶಾಖಕ್ಕೆ ನರ ನೋಯುವುದೂ ಆಗಲೇ. ಎರಡನೆಯದು, ಹರಿತವಾದ ಕತ್ತರಿಯಿಂದ ನರ ಒಂದೇ ಸಲಕ್ಕೆ ಕತ್ತರಿಸಿ ಹೋದರೆ ಅದು ಕೂಗದೆಯೂ ಇರಬಹುದು. ಹಾಗಾಗಿ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಕೈಯ ಅನುಭವಕ್ಕೆ ಬದಲಿ ಆಗುವುದಿಲ್ಲ.

ನೀವು ಸರ್ಜನ್ ಹತ್ತಿರ ಕೇಳಬೇಕಾದದ್ದು ಇದರಿಂದಲೇ ಬರುತ್ತದೆ. ‘ಮೆಷಿನ್ ಇದೆಯಾ’ ಎಂದು ಮಾತ್ರ ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. ಅದನ್ನು ಓದಲು ಬೇರೆ ಒಬ್ಬರು ಶುರುವಿನಿಂದ ಕೊನೆಯ ತನಕ ಕೂತಿರುತ್ತಾರಾ, ಬಿಲ್ಲಿನ ಆ ದುಡ್ಡಿನಲ್ಲಿ ಅವರದ್ದೂ ಸೇರಿದೆಯಾ ಎಂದು ಕೇಳಿ. ಸೂಜಿಗಳು ಒಬ್ಬರಿಗೆ ಬಳಸಿ ಬಿಸಾಡುವಂಥವು, ಅದರ ಖರ್ಚು ಬೇರೆ ಇರುತ್ತದೆ. ಅರಿವಳಿಕೆಯ ಡಾಕ್ಟರು ಆಪರೇಷನ್ನಿನ ಹಿಂದಿನ ದಿನ ನೋಡಲು ಬಂದಾಗ, ‘ಮುಖದ ನರದ ಮಾನಿಟರಿಂಗ್ ಇದೆ, ನಿಮಗೆ ಗೊತ್ತಲ್ವಾ’ ಎಂದು ಒಂದು ಮಾತು ಹಾಕಿ. ಟ್ಯೂಬ್ ಹಾಕುವಾಗ ಸ್ವಲ್ಪ ಹೊತ್ತು ಮಾತ್ರ ಉಳಿಯುವ ಸಡಿಲಿಕೆ ಔಷಧಿ ಕೊಟ್ಟು, ಆಮೇಲೆ ಅದಿಲ್ಲದೆಯೇ ಮಲಗಿಸಿಡುವುದು ಅವರಿಗೆ ಗೊತ್ತಿರುವ ವಿದ್ಯೆ. ನೀವು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಂಥ ಗಡ್ಡೆ ಅವರು ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದೂ ಕೇಳಿ. ಆ ಉತ್ತರ ಸಮಾಧಾನ ಕೊಡದಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ ಇವೆ. ದೂರವೇ, ಆದರೆ ಇದು ನಿಧಾನಕ್ಕೆ ಬೆಳೆದ ಗಡ್ಡೆ. ನಡಿಗೆ ತೂರಾಡುವುದು, ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜಾಗುವುದು ಇಲ್ಲದಿದ್ದರೆ ಎರಡನೆಯ ಅಭಿಪ್ರಾಯಕ್ಕೆ ಒಂದೆರಡು ವಾರ ತೆಗೆದುಕೊಳ್ಳಲು ಹೆಚ್ಚಿನವರಿಗೆ ಸಮಯ ಇರುತ್ತದೆ. ನಿಮ್ಮ ವಿಷಯದಲ್ಲಿ ಎಷ್ಟು ಕಾಯಬಹುದು ಎಂದು ಸ್ಕ್ಯಾನ್ ನೋಡಿದವರನ್ನೇ ಕೇಳಿ.

ಈಗ ತಮ್ಮನ ಮಾತಿಗೆ ಬರುತ್ತೇನೆ. ಪೂರ್ತಿ ತೆಗೆದರೆ ಒಳ್ಳೆಯದಲ್ಲವೇ ಎಂದರೆ, ಗಡ್ಡೆ ನರವನ್ನು ಸುಲಭವಾಗಿ ಬಿಟ್ಟುಕೊಟ್ಟರೆ ಹೌದು. ಹಲವರಲ್ಲಿ ಬಿಟ್ಟುಕೊಡುತ್ತದೆ ಕೂಡ. ದೊಡ್ಡ ಗಡ್ಡೆಗಳಲ್ಲಿ ಕೊನೆಯ ಒಂದು ತೆಳು ಪದರ ಸುರಂಗದ ಬಾಯಿಯ ಹತ್ತಿರ ನರಕ್ಕೆ ಬಲವಾಗಿ ಅಂಟಿರುತ್ತದೆ. ಅದನ್ನು ಎಳೆದರೆ ನನ್ನ ಸ್ಪೀಕರಿನಲ್ಲಿ ಮದ್ದಿನ ಪಂಪು ಶುರುವಾಗುತ್ತದೆ. ಆಗ ಸರ್ಜನ್ ಮುಂದೆ ಇರುವುದು ಎರಡೇ ದಾರಿ: ಆ ಪದರವನ್ನು ಅಲ್ಲೇ ಬಿಡುವುದು, ಇಲ್ಲವೇ ನರಕ್ಕೆ ಪೆಟ್ಟಾದರೂ ಸರಿ ಎಂದು ಎಳೆದು ತೆಗೆಯುವುದು. ನಿಮ್ಮದು ಕ್ಯಾನ್ಸರ್ ಆಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಇದು ಪಕ್ಕದ ಅಂಗಾಂಗಕ್ಕೆ ಹರಡುವ ಗಡ್ಡೆ ಅಲ್ಲ. ಉಗುರಿನಷ್ಟು ತೆಳು ಪದರ ಬಿಟ್ಟರೆ ಹೆಚ್ಚಿನವರಲ್ಲಿ ಅದು ಹಾಗೇ ಬಿದ್ದುಕೊಂಡಿರುತ್ತದೆ. ಬೆಳೆಯುತ್ತಿದೆ ಎಂದು ಮುಂದಿನ ಸ್ಕ್ಯಾನುಗಳಲ್ಲಿ ಕಂಡರೆ ಕಿರಣ ಚಿಕಿತ್ಸೆ ಇದೆ. ಕುಶಿಂಗ್ ಕಾಲದಲ್ಲಿ ಎಂಆರ್‌ಐ ಇರಲಿಲ್ಲ, ಗಾಮಾ ನೈಫ್ ಇರಲಿಲ್ಲ, ಅವರು ಬಿಟ್ಟದ್ದು ದಪ್ಪ ಸಿಪ್ಪೆ. ಈಗ ಬಿಡುವುದು ಅದಕ್ಕಿಂತ ಎಷ್ಟೋ ತೆಳುವಾದದ್ದು, ಬಿಟ್ಟದ್ದರ ಮೇಲೆ ಕಣ್ಣೂ ಇರುತ್ತದೆ. ನರ ತುಂಡಾದರೆ? ಕಾಲಿನಿಂದಲೋ ಕತ್ತಿನಿಂದಲೋ ಬೇರೆ ನರದ ತುಣುಕು ತಂದು ಹೊಲಿಯುತ್ತಾರೆ, ನಾಲಗೆಯ ನರವನ್ನೋ ಅಗಿಯುವ ಸ್ನಾಯುವಿನ ನರವನ್ನೋ ಮುಖಕ್ಕೆ ಜೋಡಿಸುತ್ತಾರೆ. ಹಾಗೆ ಜೋಡಿಸಿದ ನರ ಮೊದಲಿನ ಮುಖವನ್ನು ಮತ್ತೆ ಕೊಡುವುದಿಲ್ಲ.

ಮುಖ ಎಷ್ಟು ಅಲುಗುತ್ತದೆ ಎಂದು ಅಳೆಯಲು 1985ರಿಂದ ಹೌಸ್ ಬ್ರಾಕ್‌ಮನ್ ಎಂಬ ಆರು ಮೆಟ್ಟಿಲಿನ ಅಳತೆ ಬಳಕೆಯಲ್ಲಿದೆ. 1 ಅಂದರೆ ಏನೂ ಆಗಿಲ್ಲ. 3 ಅಂದರೆ ಓರೆ ಕಾಣುತ್ತದೆ, ಆದರೆ ಬಲ ಹಾಕಿದರೆ ಕಣ್ಣು ಮುಚ್ಚುತ್ತದೆ. 4ರಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ. 6 ಅಂದರೆ ಮುಖ ಅಲುಗುವುದೇ ಇಲ್ಲ. ಕತ್ತರಿಸಿ ಹೊಲಿದ ನರ ಎಷ್ಟು ಚೆನ್ನಾಗಿ ಬೆಳೆದರೂ ಸಾಮಾನ್ಯವಾಗಿ 3ರ ಹತ್ತಿರ ಬಂದು ನಿಲ್ಲುತ್ತದೆ. ಚೂರು ಗಡ್ಡೆ ಬಿಟ್ಟು 1 ಅಥವಾ 2ರಲ್ಲಿ ಉಳಿಯುವುದೋ, ಪೂರ್ತಿ ತೆಗೆದು 3ಕ್ಕೋ 4ಕ್ಕೋ ಇಳಿಯುವುದೋ? ತರಗತಿಯಲ್ಲಿ ನಲವತ್ತು ಮಕ್ಕಳ ಮುಂದೆ ನಿಂತು ಕಥೆ ಹೇಳಬೇಕಾದವರು ನೀವು, ತೀರ್ಮಾನ ನಿಮ್ಮದು. ‘ನರಕ್ಕೆ ಅಂಟಿದ್ದರೆ ಬಿಟ್ಟುಬಿಡಿ, ನನಗೆ ಒಪ್ಪಿಗೆ ಇದೆ’ ಎಂದು ಸರ್ಜನ್‌ಗೆ ನೀವೇ ಮೊದಲು ಹೇಳಿ. ಎಷ್ಟೋ ಸಲ ಮನೆಯವರು ಏನು ಅಂದುಕೊಂಡಾರೋ ಎಂಬ ಅಳುಕೇ ಸರ್ಜನ್ ಕೈಯನ್ನು ಇನ್ನೂ ಸ್ವಲ್ಪ ಮುಂದೆ ದೂಡುತ್ತದೆ. ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ.

ಆಪರೇಷನ್ ಆದ ಮೇಲಿನ ಎರಡು ವಿಷಯ ಮನೆಯವರಿಗೆ ಗೊತ್ತಿರಲಿ. ಮೊದಲ ದಿನ ಮುಖ ಚೆನ್ನಾಗಿದ್ದು, ಮೂರನೆಯ ದಿನವೋ ಹತ್ತನೆಯ ದಿನವೋ ಮನೆಗೆ ಬಂದ ಮೇಲೆ ಬಾಯಿ ಓರೆ ಆಗುವುದಿದೆ. ಗಾಬರಿ ಬೇಡ, ಆದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ನರದ ಬಾವಿನಿಂದ ಹೀಗೆ ತಡವಾಗಿ ಬರುವ ಓರೆ ಹೆಚ್ಚಾಗಿ ವಾಪಸ್ ಸರಿಯಾಗುತ್ತದೆ, ಕೆಲವೊಮ್ಮೆ ಸ್ಟಿರಾಯ್ಡ್ ಕೊಡುತ್ತಾರೆ. ನೊಂದ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಆದ್ದರಿಂದ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಎರಡನೆಯದು ಕಣ್ಣು. ಬಾಯಿ ಓರೆಗೆ ಎಲ್ಲರೂ ಹೆದರುತ್ತಾರೆ, ನಾನು ಹೆದರುವುದು ಮುಚ್ಚದ ಕಣ್ಣಿಗೆ. ರೆಪ್ಪೆ ಮುಚ್ಚದಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ ಹುಣ್ಣಾಗುತ್ತದೆ. ದೊಡ್ಡ ಗಡ್ಡೆಗಳಲ್ಲಿ ಪಕ್ಕದ ಐದನೆಯ ನರಕ್ಕೂ ಪೆಟ್ಟಾಗಿ ಕಣ್ಣಿಗೆ ನೋವೇ ಗೊತ್ತಾಗದೆ ಹೋಗಬಹುದು, ಆಗ ಹುಣ್ಣು ಮುಂದುವರಿದ ಮೇಲೇ ತಿಳಿಯುವುದು. ಹಗಲು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪು, ಹೊರಗೆ ಹೋಗುವಾಗ ಕನ್ನಡಕ. ಕಣ್ಣು ಕೆಂಪಾದರೆ ಅದೇ ದಿನ ಕಣ್ಣಿನ ಡಾಕ್ಟರು ನೋಡಬೇಕು. ಅದಕ್ಕೆ ಮಂಗಳೂರಿಗೇ ಓಡಬೇಕೆಂದಿಲ್ಲ. ಕಾಸರಗೋಡಿನಲ್ಲೇ ಒಬ್ಬ ಕಣ್ಣಿನ ಡಾಕ್ಟರನ್ನು ಈಗಲೇ ನೋಡಿ ಮಾತಾಡಿಟ್ಟುಕೊಳ್ಳಿ. 2020ರಲ್ಲಿ ಕೋವಿಡ್ ಸಮಯದಲ್ಲಿ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ನೀವೂ ನೋಡಿದ್ದೀರಿ. ಮನೆಯ ಹತ್ತಿರ ಒಬ್ಬರು ಗೊತ್ತಿರುವುದು ಯಾವಾಗಲೂ ಒಳ್ಳೆಯದು. ಮುಖಕ್ಕೆ ಕರೆಂಟು ಹಿಡಿಸುತ್ತೇವೆ, ಗಟ್ಟಿಯಾಗಿ ಉಜ್ಜುತ್ತೇವೆ ಎಂದು ಯಾರಾದರೂ ಬಂದರೆ ಬೇಡ ಅನ್ನಿ. ಕನ್ನಡಿ ಎದುರು ಕೂತು ಮೆಲ್ಲಗೆ, ಫಿಸಿಯೋಥೆರಪಿಯವರು ಹೇಳಿದಷ್ಟೇ ಮಾಡಿ. ಬಲವಂತ ಮಾಡಿದರೆ ಆಮೇಲೆ ನಗುವಾಗ ಕಣ್ಣು ತಾನೇ ಮುಚ್ಚಿಕೊಳ್ಳುವ ತೊಂದರೆ ಹೆಚ್ಚಾಗುತ್ತದೆ.

ಆಸ್ಪತ್ರೆಗೆ ಸೇರುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯ ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂತು, ತಮ್ಮನ ಕೈಗೆ ಫೋನ್ ಕೊಟ್ಟು ವಿಡಿಯೊ ತೆಗೆಸಿ. ಹುಬ್ಬು ಏರಿಸಿ, ಕಣ್ಣು ಮೆಲ್ಲಗೆ ಮುಚ್ಚಿ, ಆಮೇಲೆ ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ, ಸಿಳ್ಳೆ ಹಾಕುವ ಹಾಗೆ ತುಟಿ ಮಾಡಿ, ಕೊನೆಗೆ ನಿಮ್ಮ ಮಕ್ಕಳಿಗೆ ಹೇಳುವ ಒಂದು ಪದ್ಯ ಹೇಳಿ ನಕ್ಕುಬಿಡಿ. ಒಂದು ನಿಮಿಷ ಸಾಕು. ಸರ್ಜನ್‌ಗೂ, ನನ್ನ ಹಾಗೆ ಸ್ಕ್ರೀನಿನ ಮುಂದೆ ಕೂರುವವರಿಗೂ ಅದನ್ನು ತೋರಿಸಿ. ಗಡ್ಡೆಯಿಂದ ಈಗಾಗಲೇ ಸ್ವಲ್ಪ ಬಲ ಕಡಿಮೆ ಆಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಆಪರೇಷನ್ ಆದ ಮೇಲೆ ಎಷ್ಟು ವಾಪಸ್ ಬಂದಿದೆ ಎಂದು ತಾಳೆ ನೋಡಲೂ ಅದೇ ಬೇಕು.